ಬೀಗ ಬಿದ್ದ ಕಥೆಗಳು

‘ಪಿನ್ ತಪ್ಪಾಗಿದೆ’ ಎಂದು ಅಪ್ಪನ ಫೋನು ಮತ್ತೊಮ್ಮೆ ಗುರ್ರೆಂದಾಗ ವೃಂದಾಳಿಗೆ ಅದನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು. ಅವಳ ಹೊಟ್ಟೆಯಲ್ಲಿರುವ ಕೂಸಿಗೆಂದು ಅಪ್ಪ ತಮ್ಮ ದನಿಯಲ್ಲೇ ಹೇಳಿಟ್ಟ ಕಥೆಗಳೆಲ್ಲ ಅದರೊಳಗೇ ಉಳಿದಿದ್ದವು.

“ರಾಯಚೂರಿನ ಅಂಗಡಿಯವ್ರಿಗೆ ಕೇಳ್ದೆ. ಬೀಗ ತಗದ್ರ ಎಲ್ಲಾ ಅಳಿಸಿ ಹೋಗ್ತದಂತ,” ಎಂದ ಅಣ್ಣ ಗುರುಪ್ರಸನ್ನ. “ಅಪ್ಪ ನಂಬರ್ ಎಲ್ಲಿ ಒತ್ತತಿದ್ರು? ಮುಖ ತೋರಿಸೇ ತಗೀತಿದ್ರು.”

“ಆ ಮುಖ ನಿನ್ನೆ ಸುಟ್ಟು ಬಂದಿಯಲ್ಲ, ಈಗ ಎಲ್ಲಿಂದ ತರ್ಲಿ? ತಗೋ, ನೀನ ಗುದ್ದಾಡು,” ಎಂದು ಅವಳು ಫೋನನ್ನು ಅವನ ಕೈಗೆ ತುರುಕಿದಳು.

ಅವನು ಬಗ್ಗಿ ನೋಡಿದ. ಫೋನು ತೆರೆದುಕೊಂಡಿತು. ಕೊಳ್ಳಿ ಇಡುವ ಮುನ್ನ ತಲೆ, ಗಡ್ಡ, ಮೀಸೆ ಎಲ್ಲ ಬೋಳಿಸಿಕೊಂಡಿದ್ದ ಅಣ್ಣನನ್ನು ವೃಂದಾ ಸರಿಯಾಗಿ ನೋಡಿದ್ದೇ ಆಗ. ಥೇಟ್ ಅಪ್ಪ.

“ಅಣ್ಣಾ, ಕಥಿ ಎಲ್ಲಾ ತಗಿಯೋತನಕಾ ಮೀಸಿ ಬಿಡಬ್ಯಾಡ.”