ಮೂರು ಬೆರಳು

ಬೆಳಗಿನ ಅಭ್ಯಾಸದಲ್ಲಿ ಪ್ರದ್ಯುಮ್ನ ಎತ್ತಿ ತಿರುಗಿಸುತ್ತಿದ್ದಾಗ ತಂಗಿ ಇಂಚರ ಅವನ ಕೈಜಾರಿ ಬಿದ್ದು, ತಲೆ ಮಂಜುಗಡ್ಡೆಗೆ ಬಡಿದಿತ್ತು. ಸಂಜೆಯೇ ಐಸ್ ಡಾನ್ಸ್ ಫೈನಲ್. ಡಾಕ್ಟರು ಒಪ್ಪಿದರಷ್ಟೇ ಅಣ್ಣ-ತಂಗಿ ಜೋಡಿ ಕಣಕ್ಕಿಳಿಯಬಹುದಿತ್ತು.

"ಇವತ್ತು ಯಾವ ವಾರ, ಹೇಳಮ್ಮ?"

ಅವಳು ತಡವರಿಸಿದಳು. ಡಾಕ್ಟರ ಬೆನ್ನ ಹಿಂದೆ ನಿಂತಿದ್ದ ಪ್ರದ್ಯುಮ್ನ ಸದ್ದಿಲ್ಲದೆ ತುಟಿಯಾಡಿಸಿದ.

"ಶುಕ್ರವಾರ."

"ಚಾಂಪಿಯನ್ ಆಗಿದ್ದು ಎಷ್ಟು ಸಲ?"

ಅವನು ಮೂರು ಬೆರಳೆತ್ತಿದ.

"ಮೂರು ಸಲ."

ಡಾಕ್ಟರು ಸಹಿ ಹಾಕಿದರು. ಪ್ರದ್ಯುಮ್ನನಿಗೆ ಹೋದ ಜೀವ ಬಂದಂತಾಯಿತು. ಸಂಜೆ, ಅವಳ ಐದನೇ ವಯಸ್ಸಿನಿಂದ ತಾನು ಹಿಡಿಯುತ್ತ ಬಂದ ಕೈಯನ್ನೇ ಹಿಡಿದು ಅವಳನ್ನು ಐಸ್‌ನ ಅಂಚಿಗೆ ಕರೆತಂದ. ಮೈಕಿನಲ್ಲಿ ಇಬ್ಬರ ಹೆಸರೂ ಮೊಳಗಿದವು. ಚಪ್ಪಾಳೆಯ ನಡುವೆ ಅವಳು ಅವನ ಕಿವಿಯ ಬಳಿ ಬಾಗಿ ಸಂಕೋಚದಿಂದ ಹೇಳಿದಳು:

"ಬೆಳಿಗ್ಗೆ ತುಂಬಾ ಉಪಕಾರ ಆಯ್ತು. ನೀವು ಯಾರು ಅಂತ ಮಾತ್ರ ಗೊತ್ತಾಗ್ಲಿಲ್ಲ."