ಹೊಸ ಸೈಲೆನ್ಸರಿನ ಮೊದಲ ಮಾತು

ಮೊದಲ ಸಲ ಗುಡ್ಡ ಏರುವಾಗ ಆಡಿದ ಮೊದಲ ಮಾತು ಜೀಪಿನ ಹೊಸ ಸೈಲೆನ್ಸರಿಗೆ ಕೊನೆತನಕ ಅಂಟಿಕೊಳ್ಳುವುದು ಊರಿಗೆಲ್ಲ ಗೊತ್ತಿದ್ದದ್ದೇ. ಪದ್ಮಯ್ಯ ತೀರಿಕೊಂಡ ಮೇಲೂ ಅವನ ಜೀಪು ಗುಡ್ಡದ ತಿರುವಿನಲ್ಲಿ, ಹೆಂಡತಿ ಜಲಜಾಕ್ಷಿಗೆ ಡ್ರೈವಿಂಗ್ ಕಲಿಸಿದ ದಿನದ ಅದೇ ಗಂಟಲಿನಲ್ಲಿ ಗದರುತ್ತಿತ್ತು: “ಸೆಕೆಂಡಿಗೆ ಹಾಕು ಮಾರಾಯ್ತಿ, ಗೇರಿಗೇನು ನಾಚಿಕೆಯಾ?” ಈಗ ಪ್ರವಾಸಿಗರನ್ನು ಗುಡ್ಡ ಹತ್ತಿಸುವ ಜಲಜಾಕ್ಷಿ ನಗುತ್ತ ಹಾಕುತ್ತಿದ್ದಳು.

ಆದರೆ ಮಸಿ ಕಟ್ಟಿ ಉಸಿರುಗಟ್ಟಿದ ಜೀಪು, ಮೊನ್ನೆ ಪ್ರವಾಸಿಗರ ಸಮೇತ ಹಿಂದಕ್ಕೆ ಜಾರಿತು. ಮೆಕ್ಯಾನಿಕ್ ಮೋನು ಗಾಳಿ ಎಳೆಯುವ ಕೊಳವೆಯನ್ನು ಅಗಲ ಮಾಡಿದ. ತುಕ್ಕು ತಿಂದ ಹಳೆಯ ಸೈಲೆನ್ಸರು ಬಿಚ್ಚುವಾಗಲೇ ಪುಡಿಯಾಯಿತು. ಹೊಸದನ್ನು ಕೂರಿಸಿದ.

“ಒಳ್ಳೇದೇನಾದರೂ ಹೇಳಿ ಅಕ್ಕಾ. ಒಬ್ಬ ಬರೇ ಆಕಳಿಸಿಬಿಟ್ಟ, ಅವನ ಜೀಪು ಈಗ ಹೀಗೆ!” ಎಂದು ಮೋನು ಇಂಜಿನ್ನಿನ ಹಾಗೆ ಗುರುಗುಟ್ಟುತ್ತಲೇ ಆಕಳಿಸಿ ತೋರಿಸಿದ.

“ದೇವರ ಹೆಸರು ಹೇಳ್ತೇನೆ ಬಿಡು,” ಎಂದಳು.

ಜೀಪು ಹಗುರಾಗಿ ಏರಿತು. ತಿರುವಿನಲ್ಲಿ ಅವಳು ಗೇರಿನ ಮೇಲೆ ಕೈಯಿಟ್ಟು ಗದರಿಕೆಗೆ ಕಾದಳು. ಏನೂ ಕೇಳಿಸಲಿಲ್ಲ. ದೇವರು ಮರೆತೇಹೋದ.

“ರೀ, ಇದ್ದೀರಾ?” ಎಂದುಬಿಟ್ಟಳು.

ಈಗ ಪ್ರತಿ ಸಲವೂ ಆ ತಿರುವಿನಲ್ಲಿ ಜೀಪು ಅವಳ ದನಿಯಲ್ಲಿ ಕೇಳುತ್ತದೆ. ಹಿಂದೆ ಕೂತ ಪ್ರವಾಸಿಗರು, “ಇದ್ದೇವೆ!” ಎಂದು ಕೂಗಿ ನಗುತ್ತಾರೆ. ಜಲಜಾಕ್ಷಿ ಸೆಕೆಂಡಿಗೆ ಹಾಕುತ್ತಾಳೆ.