ಹುರಕಡ್ಲಿಯವರ ಬಿಕ್ಕಳಿಕೆ

ಜಂಜಿಬಾರಿನ ಸಂತೆಗೆ ಕಾಲಿಟ್ಟದ್ದೇ ತಡ, ದಾನಮ್ಮ ಹುರಕಡ್ಲಿಗೆ ಬಿಕ್ಕಳಿಕೆ ಜೋರಾಯಿತು. ಯಾರಾದರೂ ತಮ್ಮದೇ ಮನೆತನವನ್ನು ನೆನೆದರೆ ಆ ಅಡ್ಡಹೆಸರಿನ ಉಳಿದವರಿಗೆಲ್ಲ ಬಿಕ್ಕಳಿಕೆ ಹತ್ತುವುದು, ನೆನೆದವರ ದಿಕ್ಕಿಗೆ ಮುಖ ಮಾಡಿದರೆ ನಿಲ್ಲುವುದು ಲೋಕದಲ್ಲಿ ಎಲ್ಲರಿಗೂ ಇದ್ದದ್ದೇ. ಗಂಡ ಪಾಟೀಲರಿಗಂತೂ ದಿನವಿಡೀ ಅದೇ ಗೋಳು. ನೀರಿನ ಬಾಟಲಿ ಕೈಬಿಟ್ಟವರಲ್ಲ. ಅಪ್ಪ ತೀರಿಕೊಂಡ ಮೇಲೆ ಹುರಕಡ್ಲಿಯವರಲ್ಲಿ ತಾನೊಬ್ಬಳೇ ಉಳಿದೆನೆಂದುಕೊಂಡಿದ್ದ ದಾನಮ್ಮನಿಗೆ, ಗದಗಿನ ಅಡುಗೆಮನೆಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಬಿಕ್ಕಳಿಕೆ ಬಂತು. ದಿಕ್ಕು ಹಿಡಿದು ಮಸ್ಕತ್ತಿಗೆ ಹೋದರೆ ಅಲ್ಲಿ ಬಿಕ್ಕಳಿಕೆ ಇತ್ತ ಜಂಜಿಬಾರಿನ ಕಡೆ ತೋರಿಸಿತು.

"ಏನ್ರೀ, ಆ ಅಂಗಡ್ಯಾಗ ನೋಡ್ರಿ!"

ಲವಂಗ ಮಾರುವ ಮುದುಕಿಗೂ ಬಿಕ್ಕಳಿಕೆ ಹತ್ತಿತ್ತು. ಇಬ್ಬರೂ ಎದುರುಬದುರಾದರು. ಎರಡೂ ಬಿಕ್ಕಳಿಕೆ ಒಟ್ಟಿಗೇ ನಿಂತವು. ಮುದುಕಿ ಎದೆ ಮುಟ್ಟಿಕೊಂಡು "ಹುರಕಡ್ಲಿ" ಎಂದಳು. ದಾನಮ್ಮ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

"ಸಿಕ್ಕರಲ್ಲ, ಇನ್ನರ ಊರಿಗೆ ಹೋಗೂಣು ನಡಿ," ಎಂದರು ಪಾಟೀಲರು.

ಅಷ್ಟರಲ್ಲಿ ಇಬ್ಬರು ಹೆಂಗಸರಿಗೂ ಮತ್ತೆ ಬಿಕ್ಕಳಿಕೆ. ಒಬ್ಬರ ಮುಖ ಒಬ್ಬರು ನೋಡಿದರೂ ಈ ಸಲ ನಿಲ್ಲಲಿಲ್ಲ. ಮೆಲ್ಲಗೆ ಸುತ್ತು ತಿರುಗುತ್ತ ತಿರುಗುತ್ತ ಇಬ್ಬರೂ ಉತ್ತರಕ್ಕೆ ಮುಖ ಮಾಡಿದಾಗ ಥಟ್ಟನೆ ನಿಂತಿತು.

"ಅಯ್ಯ, ಇನ್ನೊಬ್ರು ಅದಾರ್ರೀ!" ಎಂದು ದಾನಮ್ಮ ಕೂಗುವಷ್ಟರಲ್ಲಿ ಮುದುಕಿ ಅಂಗಡಿಯ ಬಾಗಿಲೆಳೆದು ಬೀಗ ಹಾಕುತ್ತಿದ್ದಳು.